ಕಿರಿಯರ ಅಂಕಣ ಕಾಣೆಯಾದ ವಾರ

ನಾನು ಹುಟ್ಟಾ ಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳೋದು ಸಲೀಸು. ರಸ್ತೆಯಲ್ಲಿ ಪೊಲೀಸಿನವನು ಎದುರಾದರೆ, ಏನೂ ತಪ್ಪು ಮಾಡದಿದ್ದರೂ ಆ ಕಡೆಗೆ ದಾಟಿಬಿಡುವ ಪೈಕಿ. ಅಂಥವನು ತುರ್ತು ಪರಿಸ್ಥಿತಿಯ ಕಾಲದಲ್ಲಿ, ರಾಜಾಜಿನಗರದ ಒಂದು ವಾರಪತ್ರಿಕೆಯಲ್ಲಿ ಕೂತು ದೊಡ್ಡ ದೊಡ್ಡ ದಿನಪತ್ರಿಕೆಗಳನ್ನು ಗೇಲಿ ಮಾಡುತ್ತಿದ್ದೆ ಅಂದರೆ ನನಗೇ ನಂಬಿಕೆ ಬರೋದಿಲ್ಲ.

ನಮ್ಮದು ಪುಟ್ಟ ಪತ್ರಿಕೆ. ಕೈಗಾರಿಕಾ ಬಡಾವಣೆಯ ಅಂಚಿನಲ್ಲಿ ಒಂದು ಶೀಟಿನ ಶೆಡ್ಡು. ಮುಂದೆ ಸಂಪಾದಕರ ಮೇಜು, ಹಿಂದೆ ಅಚ್ಚಿನ ಮೊಳೆ ಜೋಡಿಸುವ ಜಾಗ, ಅದರ ಹಿಂದೆ ಮುದ್ರಣ ಯಂತ್ರ. ಸಂಪಾದಕರೇ ಮಾಲೀಕರು. ಹೆಂಡತಿಯ ಒಡವೆ ಇಟ್ಟು ಯಂತ್ರ ತಂದವರು. ನಾನು ಪ್ರೂಫ್ ತಿದ್ದುತ್ತಿದ್ದೆ, ಜೊತೆಗೆ ‘ಹಿರಿ-ಕಿರಿ’ ಅನ್ನುವ ಅಂಕಣ ಬರೆಯುತ್ತಿದ್ದೆ. ಅದಕ್ಕೆ ನನ್ನ ಹೆಸರು ಹಾಕುತ್ತಿರಲಿಲ್ಲ. ಹೇಳಿದೆನಲ್ಲ, ಪುಕ್ಕಲ.

ಆ ಅಂಕಣ ಹುಟ್ಟಿದ್ದೇ ಭಾನುವಾರದ ಪತ್ರಿಕೆಗಳ ದೆಸೆಯಿಂದ. ಆಗೆಲ್ಲ ಪ್ರತಿ ಭಾನುವಾರ ಒಂದು ದೊಡ್ಡ ಲೇಖನ ಬರೋದು: ‘ನಮ್ಮ ಯುವಜನಾಂಗ ಎತ್ತ ಸಾಗುತ್ತಿದೆ?’ ಜೊತೆಗೊಂದು ಬೆಲ್‌ಬಾಟಂ ಹುಡುಗನ ಚಿತ್ರ. ಮುಂದಿನ ಭಾನುವಾರ ಅದಕ್ಕೆ ಉತ್ತರ: ‘ಹಿರಿಯರು ನಮಗೆ ಉಳಿಸಿದ್ದೇನು?’ ಆಳುವ ಪಕ್ಷದ ಕಡೆಯವರು ಒಂದು ವಾರ, ವಿರೋಧ ಪಕ್ಷದ ಕಡೆಯವರು ಇನ್ನೊಂದು ವಾರ. ಕತ್ತರಿಸಿ ಪಕ್ಕಪಕ್ಕ ಇಟ್ಟು ನೋಡಿದರೆ ಎರಡರಲ್ಲೂ ಅದೇ ಮಾತು. ‘ಗಂಭೀರವಾಗಿ ಚಿಂತಿಸುವ ಕಾಲ ಬಂದಿದೆ’, ‘ಮೌಲ್ಯಗಳು ಕುಸಿಯುತ್ತಿವೆ’. ಏನು ಚಿಂತಿಸಬೇಕು, ಯಾವ ಮೌಲ್ಯ, ಯಾರೂ ಹೇಳುತ್ತಿರಲಿಲ್ಲ.

ನಾನು ಮಾಡುತ್ತಿದ್ದದ್ದು ಇಷ್ಟೆ. ಅಂಥ ವಾಕ್ಯಗಳಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ಅವನ್ನೇ ಒಂದಕ್ಕೊಂದು ಸೇರಿಸಿ ಎರಡು ಅಂಕಣ ಕಟ್ಟುವುದು. ಮೊದಲಲ್ಲಿ ಹಿರಿಯರು ಕಿರಿಯರನ್ನು ಬೈಯಬೇಕು, ಪಕ್ಕದಲ್ಲಿ ಕಿರಿಯರು ಹಿರಿಯರನ್ನು ಬೈಯಬೇಕು. ಹಿರಿಯರ ದನಿ ಬೇಕಾದಾಗ ನಾನು ದೂರ ಹೋಗಬೇಕಾಗಿರಲಿಲ್ಲ. ವಿಜಯನಗರದ ನಮ್ಮ ಮನೆಯ ಜಗಲಿಯ ಮೇಲೆ ಅಪ್ಪ ಕೂತಿರುತ್ತಿದ್ದರು. ಚಿತ್ರದುರ್ಗದ ಕಡೆಯಿಂದ ವರ್ಗವಾಗಿ ಬಂದು, ಇಲ್ಲೇ ಶಿರಸ್ತೇದಾರರಾಗಿ ನಿವೃತ್ತರಾದವರು. ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿದ ಮೇಲೆ ಪತ್ರಿಕೆಗಳಿಗೆ ಓದುಗರ ಪತ್ರ ಬರೆಯೋದೇ ಅವರ ಎರಡನೇ ನೌಕರಿ. ‘ಬಸ್ಸಿಗೆ ನಿಲ್ಲುವ ಸಾಲಿನಲ್ಲಿ ದೇಶದ ಭವಿಷ್ಯ ಕಾಣುತ್ತದೆ’ ಅನ್ನೋದು ಅವರ ಮೆಚ್ಚಿನ ಮಾತು. ಅದನ್ನು ನಾನು ಎಷ್ಟು ಸಲ ಎತ್ತಿಕೊಂಡಿದ್ದೇನೋ ಲೆಕ್ಕವಿಲ್ಲ. ಅಪ್ಪ ನಮ್ಮ ಪತ್ರಿಕೆಯನ್ನು ತಪ್ಪದೆ ಓದುತ್ತಿದ್ದರು, ಆ ಅಂಕಣದ ಬಗ್ಗೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ.

ತುರ್ತು ಪರಿಸ್ಥಿತಿ ಬಂತು. ಅಚ್ಚಾಗುವ ಮೊದಲು ಪ್ರತಿ ಪುಟದ ಪ್ರೂಫನ್ನೂ ಸೆನ್ಸಾರ್ ಆಫೀಸಿಗೆ ಕಳಿಸಿ ಮೊಹರು ಹಾಕಿಸಿಕೊಳ್ಳಬೇಕಾಯಿತು. ಅವರು ಹೊಡೆದುಹಾಕಿದ ಜಾಗವನ್ನು ಖಾಲಿ ಬಿಡುವ ಹಾಗೂ ಇಲ್ಲ, ಖಾಲಿ ಜಾಗವೂ ಪ್ರತಿಭಟನೆಯ ಲೆಕ್ಕವಂತೆ. ಸಂಪಾದಕರ ಸ್ನೇಹಿತರೊಬ್ಬರು, ಅವರೂ ಪತ್ರಿಕೆಯವರೇ, ಬೆಳಿಗ್ಗೆ ಹಾಲು ತರಲು ಹೋಗಿದ್ದರು. ಪೊಲೀಸರು ಅಲ್ಲಿಂದಲೇ ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಹಾಲಿನ ಪಾತ್ರೆಯನ್ನು ಮನೆಗೆ ತಂದುಕೊಟ್ಟವನು ಅಂಗಡಿಯವನು. ಆ ಸುದ್ದಿ ಕೇಳಿದ ಮೇಲೆ ಸಂಪಾದಕರು ಶೆಡ್ಡಿನ ಮುಂದೆ ಯಾವ ಗಾಡಿ ನಿಂತರೂ ಎದ್ದು ನಿಲ್ಲೋರು. ನಾನಂತೂ ನಿಲ್ಲೋ ಶಕ್ತಿಯೂ ಇಲ್ಲದೆ ಕೂತೇ ಇರುತ್ತಿದ್ದೆ.

ಭಾನುವಾರದ ಲೇಖನಗಳೂ ರಾತ್ರೋರಾತ್ರಿ ಬದಲಾದವು. ಅಷ್ಟು ದಿನ ಕಿತ್ತಾಡುತ್ತಿದ್ದ ಹಿರಿಯರೂ ಕಿರಿಯರೂ ತಬ್ಬಿಕೊಂಡುಬಿಟ್ಟರು. ಹಿರಿಯರು ಬರೆದರು: ಶಿಸ್ತು ಬಂದಿದೆ. ಕಿರಿಯರು ಬರೆದರು: ಹೌದು, ಶಿಸ್ತು ಬಂದಿದೆ. ಅದನ್ನು ಓದುತ್ತಾ ಓದುತ್ತಾ ನನಗೆ ಕೈ ತುರಿಸಿತು. ಆ ವಾರದ ‘ಹಿರಿ-ಕಿರಿ’ಗೆ ಎರಡು ಅಂಕಣ ಬರೆದೆ. ಹಿರಿಯರ ಅಂಕಣದಲ್ಲಿ ಏನಿತ್ತೋ ಕಿರಿಯರ ಅಂಕಣದಲ್ಲೂ ಅಕ್ಷರಶಃ ಅದೇ, ಅಪ್ಪನ ಬಸ್ಸಿನ ಸಾಲಿನ ಮಾತಿನ ಸಮೇತ. ಕೆಳಗಿನ ಸಹಿ ಮಾತ್ರ ಬೇರೆ. ಒಂದು ಕಡೆ ‘ಹಿರಿಯ’, ಇನ್ನೊಂದು ಕಡೆ ‘ಕಿರಿಯ’. ತಮಾಷೆ ಇದ್ದದ್ದೇ ಅಲ್ಲಿ.

ಯಾವತ್ತಿನ ಹಾಗೆ ಬೆಳಿಗ್ಗೆ ಬಂದವನೇ ಬರೆದದ್ದನ್ನು ಒಳಗಿನ ಗೋಡೆಯ ಕೊಕ್ಕೆಗೆ ಸಿಕ್ಕಿಸಿದೆ. ಸಿಕ್ಕಿಸಿದ್ದನ್ನು ಯಾರನ್ನೂ ಕೇಳದೆ ಜೋಡಿಸುವುದು ನಮ್ಮಲ್ಲಿ ಪದ್ಧತಿ, ನಾನು ತಪ್ಪು ತಿದ್ದೋದು ಪ್ರೂಫ್ ಸೆನ್ಸಾರಿನಿಂದ ವಾಪಸ್ ಬಂದ ಮೇಲೆ. ಮಧ್ಯಾಹ್ನ ಊಟದ ಹೊತ್ತಿಗೆ ಸಂಪಾದಕರು, “ಈ ವಾರ ಏನ್ ಬರ್ದಿದೀರಿ, ತೋರಿಸಿ” ಅಂದರು. ಕರಡು ಕೊಟ್ಟೆ. ಓದಿ ಬಿದ್ದು ಬಿದ್ದು ನಕ್ಕರು, ಕಣ್ಣಲ್ಲಿ ನೀರು ಬರೋ ಹಾಗೆ. ನಗು ಇನ್ನೂ ಮುಗಿದಿರಲಿಲ್ಲ, ಮುಖ ಬಿಳಿಚಿಕೊಂಡಿತು.

“ಇದು ಹೋದ್ರೆ ನಾವೂ ಹೋಗ್ತೀವಿ ಕಣ್ರೀ. ತೆಗೀರಿ, ಮೊದ್ಲು ತೆಗೀರಿ!”

ಒಳಗೆ ಓಡಿದೆ. ಫೋರ್‌ಮನ್ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದ.

“ಅಣ್ಣಾ, ಹಿರಿ-ಕಿರಿ ಎಲ್ಲಿ?”

“ಆಗ್ಲೇ ಪ್ರೂಫ್ ತೆಗೆದು ಸೆನ್ಸಾರಿಗೆ ಕಳಿಸಾಯ್ತಲ್ಲ ಸಾಮಿ. ಸೈಕಲ್ಲು ಹೋಗಿ ಎಷ್ಟ್ ಹೊತ್ತಾಯ್ತು!”

ಬಾಗಿಲ ಹತ್ತಿರ ನಿಂತಿದ್ದ ಸಂಪಾದಕರು ಅಲ್ಲೇ ಕಾಗದದ ಕಟ್ಟಿನ ಮೇಲೆ ಕುಸಿದು ಕೂತರು. ಊಟದ ಡಬ್ಬಿ ಯಾರೂ ಮುಟ್ಟಲಿಲ್ಲ. ಸೈಕಲ್ಲಿನ ಹಿಂದೆ ಹೋಗಿ ತಡೆಯೋಣ ಅಂದರೆ, ತಡೆಯಲು ಹೋದವನೇ ಅನುಮಾನಕ್ಕೆ ಗುರಿಯಾಗುತ್ತಾನೆ. ಸುಮ್ಮನಿರೋಣ ಅಂದರೆ ಪುಟ ಸೆನ್ಸಾರಿನವರ ಕೈಗೆ ಬೀಳುತ್ತದೆ. “ಬರೆದೋನು ನಾನು ಅಂತ ಹೇಳಿಬಿಡಿ ಸಾರ್” ಅಂತ ಸಂಪಾದಕರಿಗೆ ಹೇಳಬೇಕು ಅನ್ನಿಸಿತು. ಹೇಳಲಿಲ್ಲ.

ಸಂಜೆ ಪ್ರೂಫ್ ವಾಪಸ್ ಬಂತು. ಪುಟದ ಮೇಲೆ ದುಂಡಗೆ ಮೊಹರು. ಪಾಸಾಗಿದೆ! ಕಣ್ಣುಜ್ಜಿಕೊಂಡು ನೋಡಿದೆ. ಹಿರಿಯರ ಅಂಕಣ ಇದೆ. ಪಕ್ಕದಲ್ಲಿ ಕಿರಿಯರ ಅಂಕಣ ಇರಬೇಕಾದ ಜಾಗದಲ್ಲಿ ಊದುಬತ್ತಿಯ ಜಾಹೀರಾತು.

“ಅಣ್ಣಾ, ಇನ್ನೊಂದು ಅಂಕಣ ಏನಾಯ್ತು?”

ಫೋರ್‌ಮನ್ ಹೆಮ್ಮೆಯಿಂದ ನಕ್ಕ. “ಡಬಲ್ ಆಗಿತ್ತು ಸಾಮಿ. ಒಂದೇ ಮ್ಯಾಟರ್ ಎರಡು ಸಲ ಬಂದಿತ್ತು. ನಾನ್ ನೋಡ್ದೆ ಇದ್ದಿದ್ರೆ ಹಂಗೇ ಹೋಗಿರೋದು, ಮಾನ ಹೋಗೋದು.”

ಮೊಳೆ ಜೋಡಿಸುವವರ ಕಣ್ಣು ಸಾಲು ತಪ್ಪಿ ಮೇಲೆ ಹಾರಿದರೆ, ಒಮ್ಮೆ ಜೋಡಿಸಿದ್ದನ್ನೇ ಮತ್ತೆ ಜೋಡಿಸಿಬಿಡುತ್ತಾರೆ. ಅದಕ್ಕೆ ಡಬಲ್ ಅನ್ನುತ್ತಾರೆ. ಅಂಥದ್ದನ್ನು ಹಿಡಿದು ತೆಗೆಯೋದೇ ಫೋರ್‌ಮನ್ನನ ಕೆಲಸ. ನಮ್ಮವನು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದ. ನನ್ನ ತಮಾಷೆಯನ್ನು ತಪ್ಪು ಅಂದುಕೊಂಡು ಮೊಳೆ ಬಿಚ್ಚಿ ಮತ್ತೆ ಖಾನೆಗಳಿಗೆ ಹಾಕಿದ್ದ. ಉಳಿದಿದ್ದು ಬರೀ ಶಿಸ್ತಿನ ಹೊಗಳಿಕೆ.

ಸಂಪಾದಕರು ಬಹಳ ಹೊತ್ತು ಆ ಮೊಹರನ್ನೇ ನೋಡುತ್ತಾ ಕೂತಿದ್ದರು. “ಪಾಸಾಗಿರೋದನ್ನ ಈಗ ತೆಗೆದ್ರೂ ಯಾಕೆ ತೆಗೆದ್ರಿ ಅಂತಾರೆ. ಹೋಗ್ಲಿ ಬಿಡಿ, ಹಾಗೇ ಹೋಗ್ಲಿ” ಅಂದರು. ಹಾಗೇ ಹೋಯಿತು.

ಪತ್ರಿಕೆ ಹೊರಬಿದ್ದ ಮೇಲೆ ನಮ್ಮ ಖಾಯಂ ಓದುಗರೊಬ್ಬರು ಶೆಡ್ಡಿಗೇ ಬಂದು, ಪ್ರತಿಯನ್ನು ಮೇಜಿನ ಮೇಲೆ ಎಸೆದು, “ನೀವೂ ಬಾಲ ಅಲ್ಲಾಡಿಸೋಕೆ ಶುರು ಮಾಡಿದ್ರಾ? ಥೂ!” ಅಂದು ಹೋದರು. ಸಂಪಾದಕರು ತಲೆ ತಗ್ಗಿಸಿದರು. ನನಗೆ ನಾಚಿಕೆಯಾಯಿತು ನಿಜ, ಆದರೆ ಒಳಗೊಳಗೇ ಬಚಾವಾದೆ ಅನ್ನೋ ಸಮಾಧಾನವೂ ಇತ್ತು. ಆ ಸಮಾಧಾನ ಜೀಪು ಬರುವ ತನಕ.

ಜೀಪು ಬಂದು ಶೆಡ್ಡಿನ ಮುಂದೆಯೇ ನಿಂತಿತು. ಯಂತ್ರ ನಿಂತುಹೋಯಿತು, ನಡೆಸುವವನು ಕೈ ಬಿಟ್ಟಿದ್ದ. ಇಳಿದವರು ಬಿಳಿ ಅಂಗಿಯ ಒಬ್ಬ ಅಧಿಕಾರಿ, ಸೆನ್ಸಾರ್ ಆಫೀಸಿನವರು. ಜೊತೆಗೊಬ್ಬ ಪೊಲೀಸು. ಅಧಿಕಾರಿಯ ಮಾತು ಬೆಣ್ಣೆಯ ಹಾಗೆ. ಗದರಿಸಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

“ಬಹಳ ಚೆನ್ನಾಗಿದೆ ಈ ಬರಹ. ಹಿರಿಯರ ಅನುಭವದ ಮಾತು. ಯಾರು ಬರೆದಿದ್ದು ಇದನ್ನ?”

ಸಂಪಾದಕರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಇಪ್ಪತ್ತೈದೂ ದಾಟದ ನಾನು, ‘ಹಿರಿಯ ನಾನೇ ಸಾರ್’ ಅಂದರೆ ಮುಂದಿನ ಪ್ರಶ್ನೆ ಏನು? ಹಾಗಾದರೆ ಇದು ಗೇಲಿಯಾ? ಹಳೆಯ ಸಂಚಿಕೆಗಳನ್ನು ತೆಗೆಸಿ ನೋಡಿದರೆ ಮುಗಿಯಿತು. ಶೆಡ್ಡಿಗೆ ಬೀಗ, ಸಂಪಾದಕರಿಗೆ ಜೈಲು. ಅವರ ಮುಖ ನೋಡಿದೆ. ಬೆವರು ಕನ್ನಡಕದ ಮೇಲೆ ಇಳಿದಿತ್ತು.

“ನಮ್ಮ ತಂದೆ ಸಾರ್” ಅಂದುಬಿಟ್ಟೆ.

ಅಧಿಕಾರಿ ಖುಷಿಯಾದರು. “ಬಹಳ ಸಂತೋಷ. ಬರೋ ವಾರ ಇಲ್ಲೇ ಬಡಾವಣೆಯ ಮೈದಾನದಲ್ಲಿ ಸಭೆ ಇದೆ. ‘ಯುವಜನತೆ ಮತ್ತು ಶಿಸ್ತು’. ಅವರನ್ನ ಕರ್ಕೊಂಡು ಬನ್ನಿ. ಇದನ್ನೇ ಓದ್ಲಿ ಸಾಕು.”

ಜೀಪು ಹೋದ ಮೇಲೆ ಸಂಪಾದಕರು ನನ್ನ ಕೈ ಹಿಡಿದುಕೊಂಡರು. “ನಿಮ್ಮ ತಂದೆ ಒಪ್ಪದೇ ಇದ್ರೆ?” ಅಂದರು. ನನಗೆ ಇದ್ದ ದಿಗಿಲು ಬೇರೆ. ಒಪ್ಪೋದರಲ್ಲಿ ಅನುಮಾನ ಇರಲಿಲ್ಲ. ಅಪ್ಪನಿಗೆ ತುರ್ತು ಪರಿಸ್ಥಿತಿ ಇಷ್ಟವಾಗಿತ್ತು. ಗುಮಾಸ್ತರು ಹೊತ್ತಿಗೆ ಸರಿಯಾಗಿ ಕುರ್ಚಿಯಲ್ಲಿರುತ್ತಾರೆ, ಬಸ್ಸು ಹೊತ್ತಿಗೆ ಬರುತ್ತದೆ ಅಂತ ಅವರು, ಬಾಯಿ ಮುಚ್ಚಿಸಿ ಬಸ್ಸು ಓಡಿಸೋದು ಯಾವ ದೊಡ್ಡಸ್ತಿಕೆ ಅಂತ ನಾನು. ಹೀಗೆ ಶುರುವಾದ ಜಗಳ ಬೆಳೆದು ಈಚೆಗೆ ನಮ್ಮಿಬ್ಬರ ನಡುವೆ ಮಾತೇ ನಿಂತುಹೋಗಿತ್ತು. ‘ಅವನಿಗೆ ಇನ್ನೂ ಅನ್ನ ಬೇಕಾ ಕೇಳು’, ‘ಸಾಕು ಅಂತ ಹೇಳಮ್ಮ’, ಎಲ್ಲವೂ ಅಮ್ಮನ ಮೂಲಕ. ಈಗ ಅವರ ಮುಂದೆ ಹೋಗಿ, ನಿಮ್ಮನ್ನು ಅಣಕಿಸಿ ಬರೆದದ್ದನ್ನು ನಿಮ್ಮದೇ ಅಂತ ಹೇಳಿ ಬಂದಿದ್ದೇನೆ ಅನ್ನಬೇಕಿತ್ತು. ಓದಿ ಎದ್ದು ಹೋಗಿ, ಇದು ನನ್ನದಲ್ಲ ಅಂತ ಅಧಿಕಾರಿಗೆ ಒಂದು ಕಾರ್ಡು ಬರೆದುಹಾಕಿದರೆ? ಪತ್ರ ಬರೆಯೋದು ಅವರಿಗೆ ಕಾಫಿ ಕುಡಿದಷ್ಟು ಸುಲಭ.

ಜಗಲಿಯ ಮೇಲೆ ನಿಂತು ಎಲ್ಲಾ ಹೇಳಿದೆ. ಅಪ್ಪ ಪತ್ರಿಕೆ ಬಿಡಿಸಿ, ಕನ್ನಡಕ ಸರಿಮಾಡಿಕೊಂಡು, ಅಂಕಣವನ್ನು ಮೇಲಿಂದ ಕೆಳಗೆ ಓದಿದರು. ಊದುಬತ್ತಿಯ ಜಾಹೀರಾತನ್ನೂ ಓದಿದರು. ತಲೆ ಎತ್ತಿ, “ಇದು ಅರ್ಧ ಕಣೋ. ಇನ್ನರ್ಧ ಎಲ್ಲಿ?” ಅಂದರು.

ಎಷ್ಟೋ ದಿನಗಳ ಮೇಲೆ ನನಗೆ ನೇರವಾಗಿ ಆಡಿದ ಮೊದಲ ಮಾತು ಅದು.

“ಫೋರ್‌ಮನ್ ತೆಗೆದುಬಿಟ್ಟ, ಅಪ್ಪ.”

“ಏನಿತ್ತು ಅದ್ರಲ್ಲಿ?”

“ಇದೇ. ಅಕ್ಷರ ಅಕ್ಷರ ಇದೇ.”

“ಓಹೋ” ಅಂದರು ಅಪ್ಪ. ಪತ್ರಿಕೆ ಮಡಿಸಿ ತೊಡೆಯ ಕೆಳಗಿಟ್ಟುಕೊಂಡು, “ಬರ್ತೀನಿ ಅಂತ ಹೇಳು” ಅಂದರು. ಸಿಟ್ಟಿತ್ತೋ ನಗುವಿತ್ತೋ ಆ ಮುಖದಲ್ಲಿ ನನಗೆ ಗೊತ್ತಾಗಲಿಲ್ಲ. ಶಿರಸ್ತೇದಾರರ ಮುಖ ಅದು, ಅರ್ಜಿ ಹಿಡಿದು ಬಂದವರಿಗೆ ಏನೂ ಗೊತ್ತಾಗಬಾರದು ಅಂತ ಪಳಗಿಸಿಕೊಂಡಿದ್ದದ್ದು.

ಆ ವಾರ ಪ್ರೂಫಿನಲ್ಲಿ ಎಷ್ಟು ತಪ್ಪು ಬಿಟ್ಟೆನೋ! ಮೂಡಲಪಾಳ್ಯದ ಕಡೆಯಿಂದ ಯಾವುದೋ ಲಾರಿ ಬಂದರೂ ಜೀಪೇ ಅನ್ನಿಸೋದು. ಅಮ್ಮ ನನಗೆ ದೃಷ್ಟಿಯಾಗಿದೆ ಅಂತ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ಸಭೆಯ ದಿನ ಅಪ್ಪ ಕಚ್ಚೆ ಪಂಚೆ, ಕ್ಲೋಸ್ ಕಾಲರ್ ಕೋಟು, ಕರೀ ಟೋಪಿ ಹಾಕಿ ಹೊರಟರು. ಮೈದಾನದಲ್ಲಿ ಶಾಮಿಯಾನ. ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಅವರ ಹಿಂದೆ ಬಡಾವಣೆಯ ಸಂಸಾರಗಳು, ಹಿಂದಿನ ಕಾಂಪೌಂಡ್ ಗೋಡೆಯ ಮೇಲೆ ಕಾಲೇಜು ಹುಡುಗರು. ಸಂಪಾದಕರು ಒಂದು ಕಂಬಕ್ಕೆ ಒರಗಿ ನಿಂತಿದ್ದರು. ನಾನು ಅವರ ಪಕ್ಕ.

ಅಪ್ಪನ ಹೆಸರು ಕೂಗಿದರು. ಮೈಕಿನ ಮುಂದೆ ನಿಂತು, ಪತ್ರಿಕೆ ಬಿಡಿಸಿ, ಸ್ಪಷ್ಟವಾಗಿ ಓದಿದರು. “ಶಿಸ್ತು ಮನೆಯಿಂದ ಶುರುವಾಗಬೇಕು. ಗಂಭೀರವಾಗಿ ಚಿಂತಿಸುವ ಕಾಲ ಬಂದಿದೆ. ಬಸ್ಸಿಗೆ ನಿಲ್ಲುವ ಸಾಲಿನಲ್ಲಿ ದೇಶದ ಭವಿಷ್ಯ ಕಾಣುತ್ತದೆ...” ಕೊನೆಯವರೆಗೂ ಓದಿದರು. ಚಪ್ಪಾಳೆ ಬಿತ್ತು. ಸಂಪಾದಕರು ಉಸಿರು ಬಿಟ್ಟರು. ನಾನೂ ಬಿಟ್ಟೆ.

ಅಪ್ಪ ಕೂರಲಿಲ್ಲ. ಕನ್ನಡಕ ತೆಗೆದರು, ಮಡಿಸಿ ಕೋಟಿನ ಜೇಬಿಗೆ ಹಾಕಿದರು. ಪತ್ರಿಕೆಯನ್ನು ಮಾತ್ರ ಹಿಡಿದೇ ಇದ್ದರು.

“ಇದು ಹಿರಿಯರ ಮಾತಾಯ್ತು. ಈಗ ಕಿರಿಯರು ಏನ್ ಹೇಳ್ತಾರೆ ಕೇಳಿ.”

ಶುರು ಮಾಡಿದರು. “ಶಿಸ್ತು ಮನೆಯಿಂದ ಶುರುವಾಗಬೇಕು. ಗಂಭೀರವಾಗಿ ಚಿಂತಿಸುವ ಕಾಲ ಬಂದಿದೆ...”

ಸಂಪಾದಕರು ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಆಮೇಲೆ ನೋಡಿದಾಗ ಉಗುರಿನ ಗುರುತಿತ್ತು. ವೇದಿಕೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸಾಲಿನಲ್ಲಿ ಅಧಿಕಾರಿಯ ಕತ್ತು ಮಾತ್ರ ನನಗೆ ಕಾಣುತ್ತಿತ್ತು, ಅದು ಅಲ್ಲಾಡಲಿಲ್ಲ. ಅಪ್ಪ ಒಂದು ಪದವನ್ನೂ ಬಿಡದೆ ಮುಂದುವರಿಸಿದರು. ಗೋಡೆಯ ಮೇಲಿಂದ ಒಂದು ನಗು ಪುಸಕ್ಕನೆ ಬಂತು. “ಲೋ ಗುರು, ಅದೇ ಕಣೋ, ಅದೇ!” ಅಂತ ಯಾರೋ ಅಂದರು. ನಗು ಗೋಡೆಯಿಂದ ಇಳಿದು ಹೆಂಗಸರ ಕಡೆಗೆ ಬಂತು. ಬಸ್ಸಿನ ಸಾಲಿನ ಮಾತು ಎರಡನೇ ಸಲ ಬಂದಾಗ ಇಡೀ ಶಾಮಿಯಾನ ಗೊಳ್ಳೆಂದಿತು. ಅಯ್ಯೋ ದೇವರೇ, ನಗಬೇಡ್ರಪ್ಪಾ, ಸುಮ್ನಿರ್ರಪ್ಪಾ ಅಂತ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ.

ಅಪ್ಪ ನಿಲ್ಲಿಸಿದರು. ಗಾಬರಿಯಾದವರ ಹಾಗೆ ಸುತ್ತ ನೋಡಿದರು.

“ಯಾಕಪ್ಪಾ? ಇದನ್ನ ಮೊದ್ಲೇ ಹೇಳಿದ್ನಾ?”

“ಹೇಳಿದ್ರಿ ತಾತಾ!” ಅಂತ ಹುಡುಗರು ಕೂಗಿದರು.

“ವಯಸ್ಸಾಯ್ತು ನೋಡಿ” ಅಂತ ಹಣೆ ಒರೆಸಿಕೊಂಡು ಅಪ್ಪ ಹೋಗಿ ಕೂತರು.

ಸಭೆ ಮುಗಿದ ಮೇಲೆ ಅಧಿಕಾರಿ ನೇರವಾಗಿ ನನ್ನ ಹತ್ತಿರ ಬಂದರು. ಪೊಲೀಸು ಎರಡು ಹೆಜ್ಜೆ ಹಿಂದೆ. ಇನ್ನು ಮುಗೀತು, ಅಮ್ಮನಿಗೆ ಯಾರು ಹೇಳುತ್ತಾರೆ ಅನ್ನೋದಷ್ಟೇ ನನ್ನ ತಲೆಯಲ್ಲಿದ್ದದ್ದು. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

“ನಿಮ್ಮ ತಂದೆಯವರಿಗೆ ಯಾವಾಗಿಂದ ಹೀಗೆ?”

“ಈಚೆಗೆ ಸಾರ್” ಅಂದೆ. ದನಿ ನನ್ನದಲ್ಲ ಅನ್ನಿಸಿತು.

“ಡಾಕ್ಟರಿಗೆ ತೋರಿಸಿ. ಇನ್ಮೇಲೆ ಅವರ ಕೈಲಿ ಬರೆಸಬೇಡಿ.” ಸಂಪಾದಕರ ಕಡೆ ತಿರುಗಿ, “ಆ ಅಂಕಣ ನಿಲ್ಲಿಸಿಬಿಡಿ” ಅಂದರು.

ಅವರಿಗೆ ಅರ್ಥವಾಗಿರಲಿಲ್ಲವೋ, ಅರ್ಥವಾಗಿಯೂ ಬಿಟ್ಟರೋ, ಇವತ್ತಿಗೂ ಗೊತ್ತಿಲ್ಲ. ಸಂಪಾದಕರು ಕಂಬ ಬಿಟ್ಟು ನೆಲದ ಮೇಲೇ ಕೂತುಬಿಟ್ಟರು.

ಬಸ್‌ಸ್ಟಾಪಿನಲ್ಲಿ ಅಪ್ಪ ಸಾಲಿನಲ್ಲೇ ನಿಂತರು. ನಾನು ಹಿಂದೆ. ಹತ್ತಿರ ಯಾರೂ ಇಲ್ಲದ್ದನ್ನು ನೋಡಿಕೊಂಡು ಮೆಲ್ಲಗೆ ಕೇಳಿದೆ, “ಹೆದರಿಕೆ ಆಗ್ಲಿಲ್ವಾ ಅಪ್ಪ?”

“ಆಗ್ದೆ ಇರುತ್ತಾ? ಎದುರಿಗೆ ಕೂತೋರ ಮುಖ ಕಾಣಬಾರ್ದು ಅಂತಾನೇ ಕನ್ನಡಕ ತೆಗೆದಿದ್ದು.”

“ಕನ್ನಡಕ ಇಲ್ದೆ ಹೇಗೆ ಓದಿದ್ರಿ?”

“ಓದೋದೇನು ಬಂತು? ಎಲ್ಲಾ ನನ್ನ ಮಾತುಗಳೇ ತಾನೇ.”

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಪ್ಪ ರಸ್ತೆಯ ಕಡೆಗೇ ನೋಡುತ್ತಿದ್ದರು.

“ನೋಡು, ಬಸ್ಸು ಹೊತ್ತಿಗೆ ಬರೋದು ಒಳ್ಳೇದೇ. ಅದನ್ನ ಈಗ್ಲೂ ಹೇಳ್ತೀನಿ. ಆದ್ರೆ ನನ್ನ ಮಾತನ್ನ ನಾನ್ ಹೇಳಿದ್ರೆ ಚೆಂದ ಕಣೋ. ಅದೇ ಮಾತು ನಿನ್ನ ಬಾಯಲ್ಲೂ ಬರುತ್ತೆ ಅಂದಾಗ ಸಂಕಟ ಆಯ್ತು. ನೀನು ನನ್ನ ಜೊತೆ ಮಾತು ಬಿಟ್ಟಾಗ್ಲೂ ಅಷ್ಟು ಸಂಕಟ ಆಗಿರ್ಲಿಲ್ಲ.”

ಬಸ್ಸು ಬಂತು. ಹತ್ತುವಾಗ ಅಪ್ಪನ ಕೈ ಹಿಡಿದೆ.

ಮಾರನೇ ದಿನ ಬೆಳಿಗ್ಗೆ ಅಪ್ಪ ಜಗಲಿಯ ಬದಲು ನಡುಮನೆಯಲ್ಲಿ ಕೂತು, ಪತ್ರಿಕೆ ಬಿಡಿಸಿ, ಅಮ್ಮನ ಮೂಲಕ ಅಲ್ಲ, ನನ್ನನ್ನೇ ಕೇಳಿದರು: “ರೈಲುಗಳೂ ಸರಿಯಾದ ಹೊತ್ತಿಗೆ ಬರ್ತಿವೆಯಂತೆ. ಇದಕ್ಕೇನಂತೀಯಾ?”

ನಾನು ಉತ್ತರ ಕೊಟ್ಟೆ. ಹೆದರಿಕೆಗೆ ದನಿ ಪಿಸುಮಾತಿನ ಹಾಗೆ ಬಂತು.

“ಕೇಳಿಸ್ತಿಲ್ಲ, ಜೋರಾಗಿ ಹೇಳೋ” ಅಂದರು ಅಪ್ಪ.

ಅಮ್ಮ ಎದ್ದು ಹೋಗಿ ಬೀದಿ ಕಡೆಯ ಕಿಟಕಿಗಳನ್ನೆಲ್ಲಾ ಮುಚ್ಚಿ ಬಂದಳು. ನಾನು ಜೋರಾಗಿ ಹೇಳಿದೆ.